ಶಿವರಾತ್ರಿವರೆಗೆ ತೆಳು ಆಯಿಲ್

ಅಕ್ಕನ ಬಲಗೈ ಹೆಬ್ಬೆರಳಿನ ಉಗುರಂಚಿನಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು. ಮದುವೆಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಕೈ ಚಾಚಿದರೆ ಹೆಂಗಸರ ಕಣ್ಣು ಮೊದಲು ಆ ಉಗುರಿಗೆ ಹೋಗುತ್ತಿತ್ತು, ಆಮೇಲೆ ತಾಳಿಯಿಲ್ಲದ ಕೊರಳಿಗೆ. ಎರಡನ್ನೂ ಅಕ್ಕ ಮುಚ್ಚಿಕೊಳ್ಳುತ್ತಿರಲಿಲ್ಲ.

ಅಕ್ಕ ಅಂದರೆ ನನ್ನ ಯಜಮಾನರ ಅಕ್ಕ. ಹೈಸ್ಕೂಲಿನಲ್ಲಿ ಟೀಚರಾಗಿ ರಿಟೈರ್ ಆದವರು. ದೇವನಹಳ್ಳಿಯ ನಮ್ಮ ಮನೆಯ ಹಿಂಭಾಗದ ಎರಡು ಕೋಣೆ ಅವರದು. ಪಕ್ಕದ ಶೀಟಿನ ಶೆಡ್ಡಿನಲ್ಲಿ ಅವರ ಕಾರು, ಸ್ವಂತ ಸಂಬಳದಲ್ಲಿ ಕೊಂಡದ್ದು. ಆಮೆಯ ಬೆನ್ನಿನಂಥ ಹಳೆಯ ಜರ್ಮನ್ ಕಾರು, ತಿಳಿನೀಲಿ ಬಣ್ಣ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರೇ ಇಲ್ಲ, ಗಾಳಿ ಮತ್ತು ಆಯಿಲ್, ಇವೆರಡರಿಂದಲೇ ಅದರ ಎಂಜಿನ್ ತಣ್ಣಗಿರಬೇಕು. ಹಾಗಾಗಿ ಯಾವ ಆಯಿಲ್ ಹಾಕುತ್ತೇವೆ ಅನ್ನುವುದು ಅದರ ಪಾಲಿಗೆ ಲೈಫ್ ಅಂಡ್ ಡೆತ್.

ದೀಪಾವಳಿಯ ಪಟಾಕಿ ಮುಗಿದ ವಾರವೇ ಅಕ್ಕ ಬೇಸಗೆಯ ದಪ್ಪ ಆಯಿಲ್ ಇಳಿಸಿ ತೆಳುವಾದದ್ದನ್ನು ತುಂಬುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಮತ್ತೆ ದಪ್ಪದ್ದು. ಹೊಸ ಡಬ್ಬಿ ತಂದರೆ ಅದಕ್ಕೆ ಪರೀಕ್ಷೆ ಬೇರೆ. ಕೂಸುಗಳಿಗೆ ಹಾಲು ಕುಡಿಸುವ ಒಳಲೆಗಳು ಎರಡಿದ್ದವು ಅವರ ಬಳಿ, ಹಿತ್ತಾಳೆಯವು. ಒಂದರಲ್ಲಿ ಹಳೆಯ ಆಯಿಲ್, ಇನ್ನೊಂದರಲ್ಲಿ ಹೊಸದು. ಸಂಜೆ ಕಾಂಪೌಂಡ್ ಗೋಡೆಯ ಮೇಲಿಟ್ಟು, ಮುಂಜಾನೆಯ ಚಳಿಯಲ್ಲಿ ಎರಡನ್ನೂ ಒಟ್ಟಿಗೆ ಬಾಗಿಸುತ್ತಿದ್ದರು.

"ನೋಡೇ, ಇದು ಓಡ್ತಿದೆ. ಅದು ಇನ್ನೂ ಯೋಚನೆ ಮಾಡ್ತಾ ಕೂತಿದೆ. ಸ್ಟಾರ್ಟ್ ಮಾಡಿದ ತಕ್ಷಣ ಎಲ್ಲಾ ಕಡೆ ಹರೀಬೇಕು ಕಣೇ. ಯೋಚನೆ ಮಾಡೋದನ್ನ ಕಟ್ಕೊಂಡ್ರೆ ಎಂಜಿನ್ ಸವೆದುಹೋಗುತ್ತೆ."

"ಅದಕ್ಕೇನಾ ಅಕ್ಕ ನೀವು ಯಾರನ್ನೂ ಕಟ್ಕೊಳ್ಳಲಿಲ್ಲ?"

"ನೀನು ಕಟ್ಕೊಂಡಿದೀಯಲ್ಲ, ಹೇಗಿದೆ ಮೈಲೇಜು?"

ನಾನು ಓದಿದ ಕಾನ್ವೆಂಟಿನ ಮದರ್ ಕೇಳಿಸಿಕೊಂಡಿದ್ದರೆ ಇಬ್ಬರ ಬಾಯನ್ನೂ ಸೋಪು ಹಾಕಿ ತೊಳೆಸುತ್ತಿದ್ದರು.

ನಾನು ಈ ಮನೆಗೆ ಬಂದಾಗ ರವಿಕೆ ಬಟ್ಟೆ ತರಲು ಹೋಗಬೇಕಾದರೂ ಪರ್ಮಿಷನ್ ಬೇಕಿತ್ತು. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್. ಅಕ್ಕ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ, ಯಾರಿಗೂ ಹೇಳುತ್ತಲೂ ಇರಲಿಲ್ಲ. ಬೀಗದಕೈ ತೆಗೆದುಕೊಳ್ಳುವುದು, ಹೋಗುವುದು. ಕೆಲವೊಮ್ಮೆ ನನ್ನತ್ತ ತಿರುಗಿ "ಹತ್ತು" ಅನ್ನುತ್ತಿದ್ದರು. ನಲ್ಲೂರಿನ ಹಳೇ ಹುಣಸೆಮರಗಳ ಕೆಳಗೆ ಕಾರು ನಿಲ್ಲಿಸಿ ಸುಮ್ಮನೆ ಕೂತು ವಾಪಸಾಗುತ್ತಿದ್ದೆವು. ನನ್ನ ಪಾಲಿನ ಸ್ವಾತಂತ್ರ್ಯ ಏನಿದ್ದರೂ ಆ ಎಡಗಡೆಯ ಸೀಟಿನಲ್ಲಿ ಸಿಕ್ಕಿದ್ದು.

ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರಿಗೆ ಹಳೇ ಕಾರುಗಳ ಹುಚ್ಚು ಹಿಡಿಯಿತು. ಬೆಂಗಳೂರಿನ ಒಂದು ಕ್ಲಬ್ಬು ಸೇರಿದರು. ಅಕ್ಕನ ಕಾರು ಅಲ್ಲಿ 'ನಮ್ಮ ಫ್ಯಾಮಿಲಿ ಕಾರು' ಆಯಿತು. ಜನವರಿಯ ಒಂದು ಭಾನುವಾರ ರ‍್ಯಾಲಿ. ಹಿಂದಿನ ದಿನ, ಅಕ್ಕ ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ, ತೆಳು ಆಯಿಲ್ ಇಳಿಸಿ ಟ್ರ್ಯಾಕ್ಟರಿಗೆಂದು ತಂದಿದ್ದ ದಪ್ಪದ್ದನ್ನು ತುಂಬಿಸಿಬಿಟ್ಟರು.

ಎದ್ದು ಬಂದ ಅಕ್ಕ ಖಾಲಿ ಡಬ್ಬಿ ನೋಡಿದರು. "ಲೋ, ಏನೋ ಹಾಕ್ದೆ ಇದಕ್ಕೆ?"

"ಹಳೇ ಎಂಜಿನ್ ಅಕ್ಕ, ದಪ್ಪದ್ದೇ ಬೇಕು. ನೀನು ಇಷ್ಟು ವರ್ಷ ನೀರು ಕುಡಿಸಿದೀಯ."

"ಬೆಳಗಿನ ಚಳೀಲಿ ಅದು ಹರಿಯೋಲ್ಲ ಕಣೋ. ಇಳಿಸು."

"ಸುಮ್ನಿರಕ್ಕ. ಎಲ್ಲದಕ್ಕೂ ಟೀಚರ್ ಆಗ್ಬೇಡ."

ಬೀಗದಕೈ ಯಜಮಾನರ ಜೇಬಿನಲ್ಲಿತ್ತು. ಬೆಳಿಗ್ಗೆ ಮಂಜು ಮುಸುಕಿತ್ತು. ಬಿಸಿಯಾಗಲಿ ಎಂದು ನಿಂತಲ್ಲೇ ಆಕ್ಸಿಲರೇಟರ್ ತುಳಿದರು, ಬೀದಿಯವರೆಲ್ಲ ಎದ್ದು ಬರುವಷ್ಟು. ಗೇಟು ದಾಟಿ ಹೋದ ಮೇಲೆ ನೋಡಿದೆ, ರಸ್ತೆಯುದ್ದಕ್ಕೂ ಆಯಿಲ್ಲಿನ ಗೆರೆ. ಅಕ್ಕನೂ ನೋಡಿದರು. ಫೋನ್ ಮಾಡಿದೆ, ಎತ್ತಲಿಲ್ಲ. ಹೈವೇ ಸೇರುವಷ್ಟರಲ್ಲಿ ಎಂಜಿನ್ ಸೀಜ್ ಆಗಿ ನಿಂತಿತು. ಎಳೆಸಿಕೊಂಡು ಬಂದರು.

ಮೆಕ್ಯಾನಿಕ್ ಬಿಚ್ಚಿ ನೋಡಿ ನೇರವಾಗಿ ಹೇಳಿದ: "ಚಳೀಲಿ ದಪ್ಪ ಆಯಿಲು, ಅದರ ಮೇಲೆ ರೇಸ್ ಮಾಡಿದೀರ ಸಾರ್. ಒತ್ತಡಕ್ಕೆ ಆಯಿಲ್ ಕೂಲರಿನ ಸೀಲು ಕಿತ್ಕೊಂಡು ಎಲ್ಲಾ ಸುರಿದುಹೋಗಿದೆ."

ನೆಂಟರಿಗೆ ನನ್ನ ಯಜಮಾನರು ಹೇಳಿದ್ದು ಬೇರೆ. ಸಂಕ್ರಾಂತಿಯ ದಿನ ಎಲ್ಲರೂ ಕೂತಿದ್ದಾಗ, "ಅಕ್ಕ ತೆಳು ಆಯಿಲ್ ಹಾಕಿ ಹಾಕಿ ಒಳಗೆಲ್ಲ ಸವೆಸಿಬಿಟ್ಟಿದ್ಲು, ಪಾಪ, ಅವಳಿಗೇನು ಗೊತ್ತಾಗುತ್ತೆ," ಅಂದರು. ನಾನು ಎಳ್ಳುಬೆಲ್ಲದ ತಟ್ಟೆ ಕೆಳಗಿಟ್ಟು, "ದಟ್ ಈಸ್ ಎ ಲೈ," ಅಂದೆ. ಮೆಕ್ಯಾನಿಕ್ ಹೇಳಿದ್ದನ್ನು ಅಷ್ಟೂ ಹೇಳಿದೆ. ನೆಂಟರಲ್ಲಿ ನನಗೆ ಭಾವನಾಗಬೇಕಾದ ಒಬ್ಬರು, "ಅಮ್ಮಾವ್ರಿಗೆ ಇಂಗ್ಲಿಷ್ ಬಂತು ಕಣ್ರಪ್ಪಾ, ಎಲ್ಲಾ ಹುಷಾರು," ಅಂದರು. ಎಲ್ಲರೂ ನಕ್ಕರು. ಮಾತು ಸೈಟಿನ ರೇಟಿಗೆ ಹೊರಳಿತು.

"ಬಿಡೇ," ಅಂದರು ಅಕ್ಕ, ಅಡುಗೆಮನೆಯಲ್ಲಿ. "ಗೊತ್ತಿಲ್ದೆ ಹೇಳ್ತಿದ್ರೆ ತಿಳಿಸಿ ಹೇಳ್ಬಹುದು. ಅವನು ಗೊತ್ತಿದ್ದೇ ಹೇಳ್ತಿದಾನೆ."

ಯಜಮಾನರು ಎಂಜಿನ್ ರಿಪೇರಿ ಮಾಡಿಸಿದರು. ಬೀಗದಕೈ ಅವರ ಬೀರುವಿನಲ್ಲೇ ಉಳಿಯಿತು. ಅಕ್ಕ ಕೇಳಿದ್ದು ಒಮ್ಮೆ ಮಾತ್ರ.

"ಕೀ ಕೊಡೋ."

"ಈ ವಯಸ್ಸಲ್ಲಿ ಯಾಕಕ್ಕ ಡ್ರೈವಿಂಗು? ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಬಿಟ್ಟು ಬರ್ತೀನಿ."

ಎಂಥ ತಮ್ಮ ಎಂದು ನೆಂಟರೆಲ್ಲ ಹೊಗಳಿದರು. ಆ 'ಹೇಳು' ಅನ್ನುವ ಒಂದು ಮಾತಿನಲ್ಲಿ ಅಕ್ಕನ ಬದುಕಿನ ಅಷ್ಟೂ ಗಳಿಕೆ ಕೈತಪ್ಪಿದ್ದು ಯಾರಿಗೂ ಕಾಣಲಿಲ್ಲ. ಎಲ್ಲಿಗೆಂದು ಅಕ್ಕ ಹೇಳಲಿಲ್ಲ. ತಮ್ಮನ ಪಕ್ಕ ಆ ಕಾರಿನಲ್ಲಿ ಒಂದು ದಿನವೂ ಕೂರಲಿಲ್ಲ. ಮಂಡಿ ನೋವಿತ್ತು, ಬಸ್ ಸ್ಟ್ಯಾಂಡಿನವರೆಗೆ ನಡೆಯುವುದೂ ಕಷ್ಟ. ಆದರೂ ದಿನಾ ಬೆಳಿಗ್ಗೆ ಇಸ್ತ್ರಿ ಸೀರೆಯುಟ್ಟು, ಪೌಡರ್ ಹಾಕಿ, ಹ್ಯಾಂಡ್‌ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಅವರೆದುರಿಗೇ ನನ್ನ ಯಜಮಾನರು ಕ್ಲಬ್ಬಿನ ಗೆಳೆಯರಿಗೆ, "ಏರ್ ಕೂಲ್ಡ್ ಎಂಜಿನ್ ನೋಡಿ, ಚಳಿಗಾಲಕ್ಕೆ ತೆಳು ಆಯಿಲ್ಲೇ ಆಗ್ಬೇಕು," ಎಂದು ವಿವರಿಸುತ್ತಿದ್ದರು. ಗೆಳೆಯರು ತಲೆದೂಗುತ್ತಿದ್ದರು. ಅಕ್ಕ ರಸ್ತೆ ನೋಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಜಗಲಿ ಖಾಲಿಯಿತ್ತು. ಮಧ್ಯಾಹ್ನ ಹೊಸಕೋಟೆಯಿಂದ ಫೋನ್ ಬಂತು. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿದ್ದರಂತೆ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಹಾರ್ಟು ಅಂದರು ಡಾಕ್ಟರು.

ಹೊಸಕೋಟೆಯಲ್ಲಿ ನಮಗೆ ಯಾರೂ ಇಲ್ಲ. ಮಾತಾಡಿಸಲು ಬಂದವರಿಗೆಲ್ಲ ನನ್ನ ಯಜಮಾನರದು ಒಂದೇ ಮಾತು: "ಎಲ್ಲಿಗೆ ಹೊರಟಿದ್ಲೋ, ಒಂದು ಮಾತು ಹೇಳ್ಲಿಲ್ಲ." ನನ್ನನ್ನೂ ಕೇಳಿದರು. "ನಿಂಗಾದ್ರೂ ಹೇಳಿದ್ಲಾ?"

"ಇಲ್ಲ," ಅಂದೆ. ಅದು ನಿಜವೂ ಹೌದು.

ತಿಥಿ ಮುಗಿದ ಮೇಲೆ ಯಜಮಾನರು ಅಕ್ಕನ ಫೋಟೊ ಹಿಡಿದುಕೊಂಡು ಹೊಸಕೋಟೆಗೆ ಹೋಗಿ ಅಂಗಡಿ ಅಂಗಡಿಯಲ್ಲಿ ವಿಚಾರಿಸಿ ಬಂದರು. ಯಾರೂ ಗುರುತು ಹಿಡಿಯಲಿಲ್ಲ. ಮೊನ್ನೆ ಮತ್ತೆ ಹೋಗಿದ್ದರು. ಕಾರು, ಶೆಡ್ಡು, ಎರಡು ಕೋಣೆ, ಎಲ್ಲ ಅವರ ಕೈಗೆ ಬಂದಿವೆ. ಅಕ್ಕ ಅಂದು ಎಲ್ಲಿಗೆ ಹೊರಟಿದ್ದರು ಅನ್ನುವುದೊಂದು ಸಿಕ್ಕಿಲ್ಲ. ಸಿಗದಿರಲಿ.