ಖಂಡೇಪೂಜಿಯ ದಿನ ಕೆಟ್ಟ ಖಾತೆ

ನನಗ ಓದಾಕ ಬರೂದು ಬಸ್ಸಿನ ಬೋರ್ಡು. ಅದೂ ಬಸ್ಸು ನಿಂತಿದ್ದರ. ಹೊಂಟ ಬಸ್ಸಾದರ ನಾನು ಮೂರನೇ ಅಕ್ಷರಕ್ಕ ಬರೂದರೊಳಗ ಅದು ಚಿಮ್ಮಡದ ದಾರಿ ಹಿಡಿದಿರತೈತಿ. ದೊಡ್ಡವರಿಗಂತ ನಡಸಿದ ಸಂಜಿ ಸಾಲಿಗೆ ಒಂದು ಚಳಿಗಾಲ ಹೋಗಿದ್ದೆ, ಕಲಿತದ್ದು ಇಷ್ಟು. ಇಂಗ್ಲಿಷಂತೂ ಒಂದಕ್ಷರ ಗೊತ್ತಿಲ್ಲ. ಇದನ್ನ ಮೊದಲ ಹೇಳಿಬಿಡತೀನಿ. ಯಾಕಂದರ ಮುಂದಿನ ಸಂಗತಿ ಕೇಳಿ ನೀವು "ಪಾಪ, ಅಕ್ಷರ ಬಾರದ ಮುದುಕಿ" ಅಂತ ನನ್ನ ಮಾಫಿ ಮಾಡಬಾರದು. ಅಕ್ಷರ ಬಾರದ್ದಕ್ಕ ಆದದ್ದು ಅರ್ಧಾ ತಪ್ಪು. ಉಳಿದ ಅರ್ಧಾ ತಪ್ಪಿಸಾಕ ಬಾಯಿ ಇದ್ದರ ಸಾಕಿತ್ತು. ಬಾಯಿ ನನಗ ಛಲೋ ಐತಿ, ಓಣಿಗೆಲ್ಲಾ ಗೊತ್ತು.

ನಮ್ಮದು ಬನಹಟ್ಟಿಯೊಳಗ ನಾಕು ಮಗ್ಗದ ಮನಿ. ಕರೆಂಟಿನ ಮಗ್ಗ. ಮಗ ಈರಪ್ಪ ಮಗ್ಗ ನೋಡತಾನ, ಸೊಸಿ ರತ್ನಾ ಸೀರಿಯ ದಡಿ, ಅಂದರ ಅಂಚು ಬರೀತಾಳ. ಬರಿಯೂದು ಅಂದರ ಕಂಪ್ಯೂಟರಿನ್ಯಾಗ. ಪರದೆ ತುಂಬ ಜೋಳದ ಕಾಳಿಗಿಂತ ಸಣ್ಣ ಚೌಕ ಇರತಾವ. ಒಂದೊಂದಕ್ಕ ಬಣ್ಣ ತುಂಬಿ ಗೋಪುರ ಎಬ್ಬಸತಾಳ, ಹಂಸ ಎಬ್ಬಸತಾಳ. ಅದನ್ನ ಪೇಟಿಗೆ ಒಯ್ದು ರಟ್ಟಿನ ಕಾರ್ಡಿಗೆ ತೂತು ಹೊಡಿಸಿಕೊಂಡು ಬಂದು ಮಗ್ಗದ ನೆತ್ತಿ ಮ್ಯಾಲೆ ಕಟ್ಟಿದರ, ಆ ತೂತು ನೋಡಿಕೋತ ಮಗ್ಗ ದಡಿ ನೇಯತೈತಿ. ತೂತು ಓದಾಕ ಬರೂ ಮಗ್ಗಕ್ಕ ನನಗಿಂತ ಹೆಚ್ಚು ವಿದ್ಯಾ ಐತಿ ಅಂತ ನಾನು ಭಾಳ ಸಲ ಅಂದೇನಿ.

ರತ್ನಾ ಈ ಮನಿಗೆ ಬಂದಾಗ ಎಲ್ಲಾ ಸೊಸೆಯರ ಹಂಗ ಕಂಡಿಕಿ ಸುತ್ತತಿದ್ದಳು. ಲಾಳಿಯೊಳಗ ಹಾಕೂ ಸಣ್ಣ ಕೊಳವಿಗೆ ನೂಲು ಸುತ್ತೂ ಕೆಲಸ. ಮುಂಜಾನಿಂದ ಸಂಜಿತನಕ ಒಂದ ಸುತ್ತು. ನಾನೂ ಸುತ್ತೇನಿ, ನಮ್ಮ ಅತ್ತಿನೂ ಸುತ್ಯಾಳ. ಅದರಾಗ ಕಲಿಯೂದೇನೂ ಇಲ್ಲ. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ, ಹಿಂಗ ಮುಪ್ಪಾಗತೈತಿ. ರತ್ನಾ ಕಾರ್ಡು ತರಾಕ ಅಂತ ತೂತು ಹೊಡಿಯೂ ಅಂಗಡಿಗೆ ಹೋಗಿ, ಅಲ್ಲಿ ನಿಂತು ನೋಡಿ ನೋಡಿ ಬರಿಯೂದು ಕಲಿತಳು. ಯಾರೂ ಕಲಿಸಲಿಲ್ಲ. ಈರಪ್ಪ ಹಳೇ ಕಂಪ್ಯೂಟರ್ ಒಂದು ತಂದ. ಅದರೊಳಗ ಹೋಗಾಕ ಒಂದು ಖಾತೆ ಬೇಕಂತ, ಖಾತೆಗೆ ಒಂದು ಹೆಸರ ಬೇಕಂತ. ಅವ ತನ್ನ ಹೆಸರ ಹಾಕಿಸಿದ. ಕುಂಡ್ರಾಕಿ ಆಕಿ, ಹೆಸರ ಅವಂದು. ನಮಗದು ವಿಚಿತ್ರ ಅನ್ನಿಸಲೂ ಇಲ್ಲ. ರೇಶನ್ ಕಾರ್ಡಿನಿಂದ ಹಿಡಿದು ಮನಿ ಬಾಗಲದ ಹೆಸರಿನ ಪಾಟಿತನಕ ಹಂಗ ಐತಿ. ಐದು ವರ್ಷ ರತ್ನಾ ಈರಪ್ಪಾಗಿ ಒಳಗ ಹೋಗಿ, ರತ್ನಾ ಆಗಿ ಬರದು, ಈರಪ್ಪಾಗಿ ಹೊರಗ ಬರತಿದ್ದಳು. ರಬಕವಿಯ ಸೀರಿ ವ್ಯಾಪಾರಿಗಳು "ಈ ದಡಿ ಯಾರ ಕೈ?" ಅಂತ ಕೇಳೂಹಂಗಾತು. ಈರಪ್ಪ "ನಮ್ಮ ಮನೀದು" ಅಂತಿದ್ದ.

ಇನ್ನ ಖಂಡೇಪೂಜಿಗೆ, ಅಂದರ ದಸರಾದ ಆಯುಧಪೂಜಿಗೆ ಬರತೀನಿ. ಆ ದಿನ ಪೂಜಿ ಹೊತ್ತಿಗೆ ದುಡಿಯೂ ಯಾವ ಸಾಮಾನೂ ಮಿಸುಕಬಾರದು ಅಂತ ನಮ್ಮ ಮನಿ ರೂಢಿ. ವರ್ಷಾನಗಟ್ಟಲೆ ದುಡದದ್ದಕ್ಕ ಅವತ್ತ ಅವಕ್ಕ ನಿದ್ದಿ. ಕೈಮಗ್ಗ ಇದ್ದಾಗ ನಮ್ಮ ಅತ್ತಿ ಮಗ್ಗದ ಮ್ಯಾಲೆ ಕೈ ಇಟ್ಟು, ಕೂಸಿಗೆ ತಟ್ಟಿದಂಗ ಎರಡು ಸಲ ತಟ್ಟತಿದ್ದಳು. ಕರೆಂಟಿನ ಮಗ್ಗ ಬಂದ ಮ್ಯಾಲೆ ತಟ್ಟಿದರ ಏನೂ ಆಗೂದಿಲ್ಲ, ಅದಕ್ಕ ಮೇನ್ ಸ್ವಿಚ್ಚು ಎಳಿಯಾಕ ಸುರು ಮಾಡಿದಳು. ಆಕಿ ಸತ್ತ ಮ್ಯಾಲೆ ಆ ಹಕ್ಕು ನಂದು. ಮನಿ ಹಿರೇಹೆಂಗಸು ಮೇನ್ ಎಳಿಯಬೇಕು, ಆಮ್ಯಾಲೆ ಇಬತ್ತಿ, ಕುಂಕುಮ, ಹೂವು.

ಅವತ್ತ ರತ್ನಾ ಕಂಪ್ಯೂಟರಿಗೆ ಬಂದ್ ಆಗು ಅಂತ ಹೇಳಿ, ಕುಂಬಳಕಾಯಿ ತೊಳಿಯಾಕ ಹಿತ್ತಲಕ್ಕ ಹೋಗಿದ್ದಳು. ಅದು ಬಂದ್ ಆಗಿರಲಿಲ್ಲ. ನಾನು ಇಬತ್ತಿ ತಾಟು ಹಿಡಕೊಂಡು ಆ ಖೋಲಿಗೆ ಹೋದಾಗ ನೀಲಿ ಪರದೆ ಮ್ಯಾಲೆ ಒಂದು ಉಂಗುರ ತಿರಗಾಕತ್ತಿತ್ತು. ಕೆಳಗ ಒಂದು ಸಾಲು ಇಂಗ್ಲಿಷು. ಕೆಲಸ ಮುಗಿಯೂತನಕ ಕರೆಂಟ್ ತಗೀಬ್ಯಾಡ್ರಿ ಅಂತ ಅದರಾಗ ಬರದಿತ್ತಂತ. ಆಮ್ಯಾಲೆ ತಿಳೀತು. ಆಗ ನನಗ ಕಂಡದ್ದು ಇಷ್ಟ: ನಾಕು ಮಗ್ಗ ಮಲಗ್ಯಾವ, ಕಂಡಿಕಿ ರಾಟಿ ಮಲಗೈತಿ, ಇದೊಂದಕ್ಕ ದೇವರ ದಿನಾನೂ ಸೊಕ್ಕು. ಕೂಗಿ ಕೇಳಬಹುದಿತ್ತು, ರತ್ನಾ ಹತ್ತು ಹೆಜ್ಜಿ ದೂರ ಇದ್ದಳು. ಮನಿ ಹಿರೇಹೆಂಗಸು ಕೇಳೂದು ಯಾರನ್ನ? ಹೋಗಿ ಮೇನ್ ಎಳದೆ. ಕರೆಂಟ್ ಹೋದರೂ ಒಂದೀಟು ಹೊತ್ತು ಜೀವ ಹಿಡಿಯೂ ಬ್ಯಾಟರಿ ಡಬ್ಬಿ ಒಂದು ಟೇಬಲ್ ಕೆಳಗಿತ್ತು. ಅದು ಬ್ಯಾಸಿಗಿಯೊಳಗ ಊದಿ ಸತ್ತಿತ್ತು. ಉಂಗುರ ಅರ್ಧಕ್ಕ ನಿಂತು ಪರದೆ ಕರ್ರಗಾತು. ಅದರ ಹಣಿಗೆ ಮೂರು ಬಟ್ಟು ಇಬತ್ತಿ ಎಳದು ಬಂದೆ.

ಮರುದಿನ ರತ್ನಾ ಕೂತಳು, ಪಾಸ್‌ವರ್ಡ್ ಅನ್ನೂ ಗುಪ್ತ ಅಕ್ಷರ ಒತ್ತಿದಳು, ಅದು ಒಳಗ ಬಿಡಲಿಲ್ಲ. ಅಕ್ಷರ ತಪ್ಪಾಗಿದ್ದರ ತಪ್ಪು ಅಂತಿತ್ತು. ತಪ್ಪು ಅನ್ನಲಿಲ್ಲ. "ನಿನ್ನ ಗುರುತೈತಿ, ಆದರ ನಿನ್ನ ಸಾಮಾನು ಎಲ್ಲಿಟ್ಟೇನಿ ನನಗ ಗೊತ್ತಿಲ್ಲ" ಅನ್ನೂ ಥರದ ಮಾತು ಹೇಳಿ ಮತ್ತ ಬಾಗಲಕ್ಕ ತಂದು ನಿಲ್ಲಸತಿತ್ತು. ಹತ್ತು ಸಲ ಒತ್ತಿದಳು, ಹತ್ತು ಸಲ ಅದೇ. ಒಳಗ ಐದು ವರ್ಷದ ದಡಿ. ದೀಪಾವಳಿಗೆ ಕೊಡಬೇಕಾದ ಲಗ್ನದ ಸೀರಿಯ ದಡಿನೂ ಅಲ್ಲೇ, ಮೂರು ವಾರದ ಕೆಲಸ.

ನನ್ನ ತಮ್ಮಗ ಹಿಂಗ ಆಗಿತ್ತು. ನನ್ನ ತವರು ಬೀಳಗಿ ಕಡೆ, ಹೊಳಿದಂಡಿ ಹಳ್ಳಿ. ಡ್ಯಾಮಿನ ನೀರು ಹಿಂದಕ್ಕ ಸರದು ಬಂದು ಊರು ಮುಳುಗಿತು. ಹೊಸಾ ಊರಾಗ ಅವಗ ಒಂದು ನಂಬರಿನ ಜಾಗಾ ಕೊಟ್ಟರು. ಕಾಗದದಾಗ ಹೆಸರ ಐತಿ, ಫೋಟೋ ಐತಿ, ಮನುಷ್ಯಾ ಅವನ. ಆದರ ಕೈ ಚಾಚಿದಲ್ಲಿ ಗೂಡಿಲ್ಲ, ದೀಪದ ಮಾಡಿಲ್ಲ, ಕತ್ತಲದಾಗ ನೀರಿನ ಹರವಿ ಸಿಗೂದಿಲ್ಲ. ವರ್ಷ ಒಪ್ಪತ್ತು ತನ್ನ ಮನ್ಯಾಗ ತಾನ ಬೀಗನ ಹಂಗ ಅಡ್ಡಾಡಿದ. ಅವನ ಮಾತು ಇನ್ನೂ ಐತಿ, ಆಮ್ಯಾಲೆ ಹೇಳತೀನಿ.

ಈರಪ್ಪ ಕೆಟ್ಟವನಲ್ಲ. ಆದರ ಕೆಟ್ಟ ಸಾಮಾನು ಕಂಡರ ಅವಗ ಮೊದಲ ಬೇಕಾಗೂದು ಕೆಡಿಸಿದವರು. ನೀನ ಏನರ ಒತ್ತೀದಿ ಅಂದ. ಇಲ್ಲ ಅಂದಳು. ಮತ್ತ ಯಾರು ಒತ್ತಿದರು, ಆ ಖೋಲಿಗೆ ಇನ್ಯಾರು ಹೋಗತಾರ ಅಂದ. ಪೂಜಿಗೆ ಮೇನ್ ಎಳಿಯೂದು ವರ್ಷಾ ಇದ್ದದ್ದ, ಅಷ್ಟೊತ್ತಿಗೆ ಕಂಪ್ಯೂಟರ್ ಬಂದ್ ಆಗಿತ್ತು ಅಂತ ಇಬ್ಬರೂ ತಿಳಿದಿದ್ದರು. ನಾನು ಅಲ್ಲೇ ಮೆಂತೆಪಲ್ಯಾ ಸೋಸಾಕತ್ತಿದ್ದೆ. ಉಂಗುರ ನಿಂತದ್ದು ನನ್ನ ಕಣ್ಣ ಮುಂದ ಇತ್ತು. ಒಂದು ಮಾತು. "ನಾನು ಹೋಗಿದ್ದೆ" ಅಂದಿದ್ದರ ಮುಗೀತಿತ್ತು. ನಾನು ಮೆಂತೆಯ ಬೇರು ಕಿತ್ತೆ. ಅಂಜಿಕಿ ಅಲ್ಲ. ಸೊಸಿ ಮುಂದ ತಪ್ಪಾತು ಅನ್ನೂ ಮಾತು ಈ ಬಾಯಿಗೆ ರೂಢಿ ಇರಲಿಲ್ಲ, ಅಷ್ಟ.

ಅವತ್ತ ಸಂಜಿಗೆ ಅವ ತೀರ್ಮಾನ ಮಾಡಿದ. ಇಚಲಕರಂಜಿಯಿಂದ ಒಬ್ಬ ಡಿಸೈನ್ ಬರಿಯೂ ಗಂಡಸನ್ನ ಕರಸತೀನಿ, ನೀ ಮೊದಲಿನಂಗ ಕಂಡಿಕಿ ಸುತ್ತು ಅಂದ. ರತ್ನಾ ರಾಟಿ ಮುಂದ ಹೋಗಿ ಕೂತಳು. ಮೂರು ದಿನ ಸುತ್ತಿದಳು. ನಾನು ಎದುರಿಗೆ ಕಟ್ಟಿ ಮ್ಯಾಲೆ ಕೂತು ನೋಡಿದೆ. ನೂಲು ಎಷ್ಟು ಬಿಗಿ ಎಳಿತಿದ್ದಳಂದರ ತುಂಬಿದ ಕಂಡಿಕಿ ಕಲ್ಲಾಗಿತ್ತು. ಲಾಳಿಯೊಳಗ ಅವು ಬಿಚ್ಚಲೇ ಇಲ್ಲ, ಎಳಿ ಹರದು ಹರದು ಮಗ್ಗ ನಿಲ್ಲತಿತ್ತು. ಅದಕ್ಕೂ ಈರಪ್ಪ ಆಕಿಗೇ ಬೈದ. ಉಣ್ಣೂಮುಂದ ಆಕಿ ನನಗ ರೊಟ್ಟಿ ನೀಡಿದಳು, ನಾನು ತಿಂದೆ. ರೊಟ್ಟಿ ಗಂಟಲದಾಗ ಇಳೀಲಿಲ್ಲ ಅಂತೆಲ್ಲಾ ಹೇಳಿದರ ಸುಳ್ಳಾಕ್ಕೈತಿ. ಇಳೀತು. ಎರಡು ತಿಂದೆ.

ನಾಲ್ಕನೇ ದಿನ ಮಹಾಲಿಂಗಪುರದಿಂದ ಗುರುಪಾದಪ್ಪ ಅನ್ನೂ ರಿಪೇರಿಯಾಂವ ಬಂದ. ನೆರತ ಮೀಸಿ, ಮೊದಲು ರೇಡಿಯೋ ರಿಪೇರಿ ಮಾಡತಿದ್ದನಂತ. ಕುರ್ಚಿ ಮ್ಯಾಲೆ ಕೂತು, ಡಾಕ್ಟರ್ ನಾಲಿಗಿ ನೋಡಿದಂಗ ಪರದೆ ನೋಡಿದ. ಮಷೀನು ಛಲೋ ಐತಿ, ಖಾತೆ ಅಷ್ಟ ಕೆಟ್ಟೈತಿ ಅಂದ. ಮಷೀನು ತನ್ನ ಲೆಕ್ಕಾ ಬರಕೋಳಾಕತ್ತಿದ್ದಾಗ ನಡುವ ಕರೆಂಟ್ ನಿಂತರ ಹಿಂಗ ಆಗತೈತಿ. ಅದಕ್ಕ ಕೇಳಿದ, "ಹಬ್ಬದ ದಿನ ಕರೆಂಟ್ ಹೋಗಿತ್ತೇನ್ರಿ?"

"ಇಲ್ರಿ. ಅವತ್ತ ದಿನಾಪೂರ್ತಿ ಇತ್ತು," ಅಂದ ಈರಪ್ಪ. ಅಂದು ರತ್ನಾನ ಕಡೆ ನೋಡಿದ. ಆಕಿ ಬಾಗಲದಾಗ ನಿಂತಿದ್ದಳು, ಬೆರಳಿನ್ಯಾಗ ನೂಲಿನ ಕೊಯ್ತ.

"ಕರೆಂಟ್ ಹೋಗಿರಲಿಲ್ಲ," ಅಂದೆ. "ನಾ ತಗದೆ. ಇದರಾಗ ಉಂಗುರ ತಿರಗಾಕತ್ತಿತ್ತು. ನೋಡಿ, ಹೋಗಿ ಮೇನ್ ಎಳದೆ."

ಈರಪ್ಪ ಒಂದು ಗಳಿಗಿ ನನ್ನ ಮಾರಿ ನೋಡಿದ. ಆಮ್ಯಾಲೆ ನಕ್ಕುಬಿಟ್ಟ. "ಹೋಗ್ಲಿ ಬಿಡಬೇ ಯವ್ವಾ. ನಿನಗರ ಏನು ತಿಳೀತೈತಿ."

ಅಷ್ಟ. ಮೂರು ದಿನ ದೊಡ್ಡ ಗುನ್ಹೆ ಆಗಿದ್ದದ್ದು ನನ್ನ ಹೆಸರಿಗೆ ಬಂದ ಕೂಡಲೇ ಏನೂ ಅಲ್ಲ ಆತು. ನಾನು ಬೈಸಿಕೊಳ್ಳಾಕ ಸಜ್ಜಾಗಿ ಕೂತಿದ್ದೆ. ಬೈದಿದ್ದರ ಹಗುರಾಗತಿದ್ದೆ. ಅವ ನಕ್ಕಾಗ ರತ್ನಾ ಅವನ್ನ ನೋಡಲಿಲ್ಲ, ನನ್ನ ನೋಡಿದಳು.

"ಮೂರು ದಿನ ಎದುರಿಗೇ ಕುಂತಿದ್ರಿ ಅತ್ತಿ," ಅಂದಳು. ದನಿ ಏರಿಸಲಿಲ್ಲ. ಹೌದು, ಕುಂತಿದ್ದೆ.

ಗುರುಪಾದಪ್ಪ ಮನಿ ಜಗಳದಾಗ ಕಿವಿ ಇಲ್ಲದ ಮನುಷ್ಯಾ. ತನ್ನ ಕೆಲಸಾ ಬಿಡಿಸಿ ಹೇಳಿದ. ಕೆಟ್ಟ ಖಾತೆ ರಿಪೇರಿ ಮಾಡೂದಕ್ಕಿಂತ ಬ್ಯಾರೆ ಬಾಗಲದಿಂದ ಒಳಗ ಹೋಗಿ, ಹೊಸಾ ಖಾತೆ ತಗದು, ಹಳೇದರ ಸಾಮಾನು ಅದಕ್ಕ ಸಾಗಸೂದು ಛಲೋ. ನನಗ ಇದು ತಿಳೀತು, ಕಂಪ್ಯೂಟರಿನ್ಯಾಗ ತಿಳಿದದ್ದು ಇದೊಂದ. ಮಗ್ಗದ ಮ್ಯಾಲೆ ಹಾಸು, ಅಂದರ ಉದ್ದನ ಎಳಿ, ತೀರಿದಾಗ ನಾವೂ ಹಿಂಗ ಮಾಡತೀವಿ. ಹಳೇ ಹಾಸಿನ ತುದಿ ಹಿಡಿದು, ಹೊಸಾ ಹಾಸಿನ ಎಳಿ ಒಂದೊಂದು ಗಂಟು ಹಾಕೋತ ಹೋಗೂದು. ಸಾವಿರಾರು ಗಂಟು, ಹೆಂಗಸರ ಕೆಲಸ. ಎಲ್ಲಾ ಸಾಗಸತೀರೇನು ಅಂದೆ. ಎಲ್ಲಾ ಅಲ್ಲ ಯವ್ವಾ, ಎರಡು ಮೂರು ಒಳಗಿನ ಕಾಗದ ಬಿಡಬೇಕು, ರೋಗ ಇರೂದು ಅದರಾಗ, ಅವನ್ನ ತಂದರ ಹೊಸಾದೂ ಕೆಡತೈತಿ ಅಂದ.

ತಮ್ಮನ ಉಳಿದ ಮಾತು ಇದ. ಅವ ಮುಳುಗೂ ಮನಿಯಿಂದ ಬಾಗಲದ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನ್ಯಾಗ ಒಯ್ದಿದ್ದ. ಮುತ್ಯಾ ಕೂರಿಸಿದ ಚೌಕಟ್ಟು, ಬಿಟ್ಟರ ಹೆಂಗ ಅಂತ. ಅದರ ಹೊಟ್ಟಿಯೊಳಗ ಒರಲಿ ಹುಳ ಇತ್ತು. ಎರಡು ಮಳಿಗಾಲದಾಗ ಹೊಸಾ ಮನಿಯ ಜಂತಿ ತಿಂದು ಹಿಟ್ಟು ಮಾಡಿತು. ಗುರುಪಾದಪ್ಪನಂಥಾವ ಒಬ್ಬ ಅಲ್ಲಿ ಇದ್ದು, ಇದನ್ನ ಬಿಡು ಅಂದಿದ್ದರ ಛಲೋ ಇತ್ತು.

ಹೊಸಾ ಖಾತೆಗೆ ಏನು ಹೆಸರ ಅಂತ ಕೇಳಿದ. ಈರಪ್ಪ ತನ್ನ ಹೆಸರ ಹೇಳಿದ. ಅದು ಹಳೇ ಖಾತೆಗೆ ಐತ್ರಿ, ಒಂದ ಹೆಸರ ಎರಡಕ್ಕ ನಡಿಯೂದಿಲ್ಲ, ಬ್ಯಾರೆ ಹೇಳ್ರಿ ಅಂದ. ಈರಪ್ಪ ವಿಚಾರ ಮಾಡಾಕತ್ತಿದ. ಅವನ ಅಪ್ಪನ ಹೆಸರಿಗೆ ಬಂದಿರಬೇಕು ಅಷ್ಟರಾಗ. ರತ್ನಾ ಬಗ್ಗಿ, ಗುರುಪಾದಪ್ಪನ ಕೈ ಸಂದಿಯಿಂದ ಕೈ ಹಾಕಿ, ನಾಕು ಸಲನೋ ಐದು ಸಲನೋ ಒತ್ತಿದಳು. ಇಂಗ್ಲಿಷಿನ್ಯಾಗಿತ್ತು, ನನಗ ಓದಾಕ ಬರಲಿಲ್ಲ. ಏನು ಅಂತ ಯಾರನ್ನೂ ಕೇಳೂ ಗರಜೂ ಬೀಳಲಿಲ್ಲ. ಆಮ್ಯಾಲೆ ಗುಪ್ತ ಅಕ್ಷರ ಹಾಕೂಮುಂದ ಗುರುಪಾದಪ್ಪ ಕಿಡಕಿ ಕಡೆ ಮಾರಿ ತಿರುವಿದ. ರತ್ನಾ ಒಂದು ಕೈಯಿಂದ ಒತ್ತಿ, ಇನ್ನೊಂದು ಕೈ ಅದರ ಮ್ಯಾಲೆ ಮುಚ್ಚಿದಳು.

ಹಳೇ ದಡಿ ಎಲ್ಲಾ ಬಂದವು. ಲಗ್ನದ ಸೀರೀದು ಬರಲಿಲ್ಲ. ಬಂತು, ತೆರೀಲಿಲ್ಲ. ಮೂರು ವಾರದ್ದು ಹನ್ನೊಂದು ದಿನದಾಗ ಮತ್ತ ಬರದಳು. ಇಚಲಕರಂಜಿಯ ಮಾತು ಯಾರೂ ಎತ್ತಲಿಲ್ಲ. ನನ್ನ ಜೋಡಿ ಆಕಿ ಮಾತಾಡತಾಳ: ಉಣ್ಣಾಕ ಬರ್ರಿ, ಗುಳಿಗಿ ತಗೊಂಡ್ರೇನು, ನೀರು ಕಾದಾವ. ಮೊದಲು ಮಾತಿನ ನಡುವ ಓಣಿ ಸುದ್ದಿ ಇರತಿತ್ತು, ನಗಿ ಇರತಿತ್ತು. ಅವು ಬರಲಿಲ್ಲ. ತಪ್ಪಾತು ಅಂತ ನಾನು ಅಂದೇನಿ, ಒಂದಿನ ನೀರು ಸೇದೂಮುಂದ. ಹೂಂ ಅಂದಳು. ಆ ಹೂಂ ಕೆಟ್ಟದ್ದಲ್ಲ. ಛಲೋದೂ ಅಲ್ಲ.

ಈಗಿನ ತಕರಾರು ಈರಪ್ಪಂದು. ಕಂಪ್ಯೂಟರ್ ತನ್ನದು, ಒಳಗ ಹೋಗಾಕ ತನಗ ಬರೂದಿಲ್ಲ. ಗುಪ್ತ ಅಕ್ಷರ ಹೇಳು ಅಂತ ಮೂರು ಸಲ ಕೇಳಿದನಂತ, ಏನು ಬೇಕು ಹೇಳ್ರಿ, ತಗದು ಕೊಡತೀನಿ ಅಂದಳಂತ. ಕಡೀಕ ನನ್ನ ಹತ್ತಿರ ಬಂದು, ನೀನರ ಕೇಳಬೇ, ಹಿರ್ಯಾಕಿ ಕೇಳಿದರ ಹೇಳತಾಳ ಅಂದ. ಎದ್ದು ಹೋದೆ. ರತ್ನಾ ಬೆನ್ನು ತಿರುವಿ ಕೂತು ನವಿಲಿನ ಕುತ್ತಿಗಿಗೆ ಒಂದೊಂದ ಚೌಕ ನೀಲಿ ತುಂಬಾಕತ್ತಿದ್ದಳು. ಬಾಗಲದಾಗ ಒಂದೀಟು ನಿಂತೆ. ಆಕಿ ತಿರುಗಿ ನೋಡಲಿಲ್ಲ. ಬಂದು ಈರಪ್ಪಗ ಹೇಳಿದೆ, "ಹೇಳೂದಿಲ್ಲಂತಪಾ."

ನಾನು ಕೇಳಿರಲೇ ಇಲ್ಲ.