ಆಯುಧಪೂಜೆಯ ದಿನ ತಾನೇ ಮುಚ್ಚಿಕೊಂಡ ಪೋರ್ಟು

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಎಲ್ಲರಿಗೂ ಆಯುಧಪೂಜೆಯ ಸಡಗರವಾದರೆ ನನಗೊಬ್ಬನಿಗೆ ನಡುಕ. ಆ ದಿನ ಪ್ರತಿ ವಿಭಾಗದವರೂ ಕಂಪ್ಯೂಟರುಗಳ ವೈರು ಕಿತ್ತು, ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಕಣ್ಣಿಗೆ ಬಿದ್ದ ತೂತಿಗೆ ವೈರು ಸಿಕ್ಕಿಸುತ್ತಿದ್ದರು. ಒಂದು ವರ್ಷ ಯಾವ ಪುಣ್ಯಾತ್ಮರೋ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಗೋಡೆಯ ಎರಡು ಸಾಕೆಟ್ಟಿಗೆ ಹಾಕಿಬಿಟ್ಟಿದ್ದರು. ಹೋದ ಮಾಹಿತಿ ಅದೇ ದಾರಿಯಲ್ಲಿ ಸುತ್ತಿ ಸುತ್ತಿ, ಇಡೀ ಆಸ್ಪತ್ರೆಯ ನೆಟ್‌ವರ್ಕ್ ಉಸಿರುಕಟ್ಟಿ ನಿಂತಿತು. ಕೋಣೆ ಕೋಣೆ ಹುಡುಕಿ ಆ ವೈರು ಕೀಳುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬೈಗುಳವೆಲ್ಲ ನನ್ನ ಪಾಲಿಗೆ.

ಆಮೇಲೆ ಹಠ ಹಿಡಿದು ಕೂತೆ. ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಪ್ರತಿ ನೆಟ್‌ವರ್ಕ್ ಸ್ವಿಚ್ಚಿಗೂ ಲ್ಯಾಪ್‌ಟಾಪ್ ಜೋಡಿಸಿ, ಅದರಲ್ಲಿ ವೈರು ಸಿಕ್ಕಿಸುವ ಒಂದೊಂದು ಪೋರ್ಟಿಗೂ ಸ್ಪ್ಯಾನಿಂಗ್ ಟ್ರೀ ಎಂಬ ಸೆಟ್ಟಿಂಗ್ ಮಾಡಿದೆ. ಸ್ವಿಚ್ಚು ತನ್ನ ಗುರುತಿನ ಸಣ್ಣ ಸಂದೇಶವನ್ನು ಆಗಾಗ ಹೊರಗೆ ಕಳಿಸುತ್ತಿರುತ್ತದೆ. ಕಂಪ್ಯೂಟರ್ ಇರಬೇಕಾದ ಪೋರ್ಟಿನಲ್ಲಿ ಆ ಸಂದೇಶವೇ ವಾಪಸ್ ಬಂದರೆ ದಾರಿ ಸುತ್ತಿಕೊಂಡಿದೆ ಎಂದರ್ಥ; ಆ ಪೋರ್ಟು ಕೂಡಲೇ ಮುಚ್ಚಿಕೊಳ್ಳಬೇಕು. ಇದೆಲ್ಲ ಓದಿದ್ದೆ, ಮಾಡಿಯೂ ಆಗಿತ್ತು. ನಂಬಿಕೆ ಮಾತ್ರ ಬಂದಿರಲಿಲ್ಲ.

ಮರುವರ್ಷದ ಪೂಜೆಯ ದಿನ ಲ್ಯಾಬಿನ ಬಾಗಿಲಲ್ಲಿ ಹುಣಸಮಾರನಹಳ್ಳಿ ಕಡೆಯ ಯಜಮಾನರೊಬ್ಬರು ಕೂತಿದ್ದರು. ಮೇಲಿನ ವಾರ್ಡಿನಲ್ಲಿ ಅವರ ಮಗಳಿಗೆ ಡೆಂಗ್ಯೂ. ಪ್ಲೇಟ್‌ಲೆಟ್ ರಿಪೋರ್ಟು ಲ್ಯಾಬಿನಿಂದ ಡಾಕ್ಟರ ಕಂಪ್ಯೂಟರಿಗೆ ಹೋದರೆ ತಾನೇ ಮುಂದಿನ ಮಾತು!

"ಇನ್ನೂ ಎಷ್ಟೊತ್ತು ಸಾ ಇಂಗೆ ಕುಂತಿರೋದು?" ಎಂದರು. ಉತ್ತರಿಸುವಷ್ಟರಲ್ಲಿ ಲ್ಯಾಬಿನ ಮೇಡಂ ಮಂಗಳಾರತಿ ತಟ್ಟೆ ಹಿಡಿದು ಬಂದರು.

"ಗೋಡೆಗೆ ಸಿಗ್ಸಿದ್ದ ಒಂದು ವೈರಿನ ಇನ್ನೊಂದು ತುದಿ ಜೋತಾಡ್ತಿತ್ತು ಕಣ್ರೀ. ನೀಟಾಗಿರ್ಲಿ ಅಂತ ನಾನೇ ಪಕ್ಕದ್ ಸಾಕೆಟ್ಟಿಗೆ ಸಿಗ್ಸಿದೆ."

ಸ್ವಿಚ್ಚಿನ ಪೆಟ್ಟಿಗೆಯತ್ತ ಓಡಿದೆ. ಹಿಂದಿನ ವರ್ಷ ದೀಪಗಳೆಲ್ಲ ಹುಚ್ಚೆದ್ದು ಒಟ್ಟಿಗೇ ಮಿನುಗಿದ್ದವು. ಈಗ ಹಸಿರು ದೀಪಗಳು ತಮ್ಮ ಪಾಡಿಗೆ ತಾವು ಮಿನುಗುತ್ತಿದ್ದವು. ನಡುವೆ ಒಂದೇ ಒಂದು ಪೋರ್ಟು ಕಿತ್ತಳೆ ಬಣ್ಣಕ್ಕೆ ತಿರುಗಿ, ಬಾಯಿ ಮುಚ್ಚಿಕೊಂಡು ಕೂತಿತ್ತು. ಯಾರೂ ಹೇಳಿರಲಿಲ್ಲ, ನಾನು ಬೆರಳೂ ಆಡಿಸಿರಲಿಲ್ಲ. ಅದೇ ತಿಳಿದುಕೊಂಡು, ಅದೇ ತಡೆದಿತ್ತು. ಮೈ ಜುಮ್ಮೆಂದಿತು. ನನ್ನ ಕೈಯಾರೆ ಮಾಡಿದ್ದೇ ಆದರೂ ದೇವರ ಮುಂದೆ ನಿಂತವನ ಹಾಗೆ ಬಿಟ್ಟ ಕಣ್ಣು ಮುಚ್ಚದೆ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಯಾರೋ ಕೈ ಹಿಡಿದುಕೊಂಡರು. ನೋಡಿದರೆ ಅದೇ ಯಜಮಾನರು, ವಾರ್ಡಿನಿಂದ ಇಳಿದು ಬಂದಿದ್ದರು.

"ಡಾಕ್ಟ್ರು ಕಂಪೂಟ್ರಲ್ಲಿ ರಿಪೋಟ್ ನೋಡಿದ್ರು ಸಾ! ಏರ್ತಾ ಐತಂತೆ, ಇನ್ನೇನೂ ಬಯ ಇಲ್ವಂತೆ! ನೀವ್ಯಾವ ಡಾಕ್ಟ್ರು ಸಾ?"

"ಡಾಕ್ಟರ್ ಅಲ್ಲ ಯಜಮಾನ್ರೇ, ನಾನು ವೈರ್ ನೋಡ್ಕೊಳ್ಳೋನು."

"ಅಂಗಾ? ಅಬ್ಬದ್ ದಿನ ನಿಮ್ಗೇನೂ ಕೆಲ್ಸ ಇಲ್ವಾ?"

"ಇವತ್ತು ಕೆಲ್ಸಾನೇ ಬೀಳ್ಲಿಲ್ಲ" ಎಂದೆ. ಕಣ್ಣು ಮಾತ್ರ ತುಂಬಿಕೊಂಡಿತ್ತು.