ಶನಿದಾನದ ಮೋಟಾರು

ಮಾನ್ವಿಯ ವಾದಿರಾಜಾಚಾರ್ಯರ ಬಗ್ಗೆ ಊರಲ್ಲಿ ಎರಡು ಮಾತಿದ್ದವು. ಅವರು ಹೇಳಿದ ಜಾತಕ ಸುಳ್ಳಾಗುವುದಿಲ್ಲ, ಅವರು ಹೇಳಿದ ಶಾಂತಿ ಅಗ್ಗವಾಗುವುದಿಲ್ಲ. ಎರಡನೆಯದನ್ನು ನಾನು ಕಣ್ಣಾರೆ ಕಂಡಿದ್ದೆ. ನಾನು ಅವರ ಪಕ್ಕದ ಮನೆಯವನು, ನಿಜಾಮರ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದ ಬಡ ಮಾಸ್ತರ. ಹೈದರಾಬಾದಿನಲ್ಲಿ ಟ್ರೇನಿಂಗ್ ಮಾಡುವಾಗ ಒಬ್ಬ ವಕೀಲರ ಮಕ್ಕಳಿಗೆ ಪಾಠ ಹೇಳಿ, ಫೀಸಿನ ಬದಲು ಅವರ ಡ್ರೈವರನ ಕೈಯಲ್ಲಿ ಮೋಟಾರು ಹೊಡೆಯುವುದನ್ನು ಕಲಿತಿದ್ದೆ. ಈ ವಿದ್ಯೆ ಒಂದು ದಿನ ನನ್ನ ಸೊಂಟ ಮುರಿಯುತ್ತದೆ ಎಂದು ಯಾವ ಜಾತಕವೂ ಹೇಳಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಆಚಾರ್ಯರ ಹೆಂಡತಿ ಅಹಲ್ಯಾಬಾಯಿಗೆ ಹೊಟ್ಟೆಯ ಬೇನೆ ಹತ್ತಿ ಎಂಟು ತಿಂಗಳಾಗಿತ್ತು. ಹಾಲನ್ನ ಬಿಟ್ಟರೆ ಬೇರೇನೂ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವರ್ತನೆಯ ಹಾಲು ತರುತ್ತಿದ್ದ ಯಮನಮ್ಮ ಒಳ್ಳೆಯವಳೇ, ಅವಳ ಬಾವಿಯೂ ಒಳ್ಳೆಯದೇ. ಎರಡರ ಗುಣವೂ ಆ ಹಾಲಿನಲ್ಲಿ ಸಮನಾಗಿರುತ್ತಿತ್ತು. ಮನೆಯಲ್ಲೇ ಒಂದು ಕರೀ ಆಕಳು ಕಟ್ಟಿ ಗಟ್ಟಿ ಹಾಲು ಕುಡಿಸಿದರೆ ಬದುಕುತ್ತಾರೆ ಎಂದು ವೈದ್ಯರು ಹೇಳಿದ್ದರು. ಹಿಂಡುವ ಆಕಳಿಗೆ ಆಗ ಎಂಬತ್ತು ರೂಪಾಯಿ. ಆಚಾರ್ಯರ ಹತ್ತಿರ ಇದ್ದದ್ದು ಅರವತ್ತೈದು.

ಹದಿನೈದು ರೂಪಾಯಿ ಕಡಿಮೆ ಬಿದ್ದರೆ ನೀವು ನಾವು ಯಾರನ್ನಾದರೂ ಕೇಳುತ್ತೇವೆ. ಆಚಾರ್ಯರಿಗೆ ಕೇಳುವುದೆಂಬ ವಿದ್ಯೆ ಬರುತ್ತಿರಲಿಲ್ಲ, ಹೇಳುವುದು ಮಾತ್ರ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ದೇವದುರ್ಗದ ಕಡೆಯ ಒಬ್ಬ ದೇಸಾಯರು ಜಾತಕ ತೋರಿಸಲು ಕರೆಕಳಿಸಿದರು. ಜೊತೆಗೆ ನಾನೂ ಹೋದೆ.

ದೇಸಾಯರಿಗೆ ಮೂರು ಚಿಂತೆ. ಹೊಲದ ವ್ಯಾಜ್ಯ ಮುಗಿಯುತ್ತಿಲ್ಲ, ಕೆಮ್ಮು ನಿಲ್ಲುತ್ತಿಲ್ಲ, ಮಗ ಮೆಟ್ರಿಕ್ ದಾಟುತ್ತಿಲ್ಲ. ಆಚಾರ್ಯರು ಕುಂಡಲಿ ಬಿಡಿಸಿದರು. ಆದರೆ ಅವರ ಕಣ್ಣು ಕುಂಡಲಿಯ ಮೇಲಿರಲಿಲ್ಲ. ಎದುರಿನ ಕೊಟ್ಟಿಗೆಯಲ್ಲಿ ಆಳೊಬ್ಬ ಹಾಲು ಹಿಂಡುತ್ತಿದ್ದ. ಆಕಳು ಇದ್ದಲಿನಷ್ಟು ಕಪ್ಪು. ತಂಬಿಗೆ ತುಂಬಿ ನೊರೆ ಹೊರಗೆ ಚೆಲ್ಲುತ್ತಿತ್ತು.

"ಸಾಡೇಸಾತಿ ಅದ, ದೇಸಾಯರ," ಎಂದರು ಆಚಾರ್ಯರು. "ಏಳೂವರಿ ವರ್ಷದ ಶನಿ. ದಾನ ಕೊಡಬೇಕು."

"ಏನ ಕೊಡಲ್ರಿ?"

"ಕರೀದು. ಕಬ್ಬಿಣ, ಎಣ್ಣಿ, ಕರೀ ಅರಿವಿ ಕೂಡಿರಬೇಕು. ಮುಖ್ಯ ಅಂದ್ರ ನಾಕು ಕಾಲಿಂದು ಇರಬೇಕು. ನಿಮ್ಮ ಅಂಗಳದಾಗ ನಿಂತಿದ್ದು, ನೀವು ಪ್ರೀತಿಲೆ ಸಾಕಿದ್ದು. ಕೊಟ್ಟ ಮ್ಯಾಲ ತಗೊಂಡವರ ಕೂಡ ಕೊಟ್ಟು ತಗೊಳ್ಳೋದು ಇರಬಾರದು, ಶನಿ ಹೊಳ್ಳಿ ಬರತದ."

'ಆಕಳು' ಎಂಬ ಮೂರಕ್ಷರ ಬಾಯಿಂದ ಹೊರಗೆ ಬರಲಿಲ್ಲ. ಅಂದರೆ ಕೇಳಿದ ಹಾಗಾಗುತ್ತದಲ್ಲ! ದೇಸಾಯರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ ಅವರ ಮುಖ ಅರಳಿದ್ದನ್ನು ನೋಡಿ, ಆಕಳು ಬಂತೆಂದೇ ನಾನು ತಿಳಿದೆ.

"ಅದರೀ ಅಂಥಾದ್ದು!" ಎಂದು ಎದ್ದು ನಿಂತರು. "ಕರೀದು ಅದ, ಕಬ್ಬಿಣದ್ದು ಅದ, ಎಣ್ಣಿ ಹಗಲೂ ರಾತ್ರಿ ಸೋರತದ, ಮ್ಯಾಲ ಕರೀ ಅರಿವಿ ಅದ. ಗಾಲಿ ನಾಕು ಅದಾವ. ಐದನೇ ಗಾಲಿ ದಕ್ಷಿಣಾ ಅಂತ ತಿಳ್ಕೊರಿ."

ಚಪ್ಪರದ ಕೆಳಗೆ ನಿಂತಿತ್ತು ಅದು. ಊರಿಗೆ ಹೊರಟಿದ್ದ ಬಿಳಿ ಸಾಹೇಬನೊಬ್ಬನಿಂದ ಹೈದರಾಬಾದಿನಲ್ಲಿ ಕೊಂಡ ವಿಲಾಯತಿ ರೇಸಿನ ಮೋಟಾರು. ಇಬ್ಬರಿಗಷ್ಟೇ ಜಾಗ. ಮೂತಿ ಉದ್ದ, ಹೊಟ್ಟೆ ನೆಲಕ್ಕೆ ಒಂದು ಗೇಣು, ತಂತಿ ಕಡ್ಡಿಗಳ ಗಾಲಿ. ಮೂರು ವರ್ಷದಲ್ಲಿ ಅದು ದೇಸಾಯರನ್ನು ಹೊತ್ತದ್ದಕ್ಕಿಂತ ದೇಸಾಯರ ಎತ್ತುಗಳು ಅದನ್ನು ಎಳೆದದ್ದೇ ಹೆಚ್ಚೆಂದು ಆಳುಗಳು ನಗುತ್ತಿದ್ದರು. ಬೇಡವೆಂದರೆ ಆಚಾರ್ಯರು ತಾವೇ ಹೇಳಿದ ಶಾಂತಿಯನ್ನು ತಾವೇ ಸುಳ್ಳು ಮಾಡಿದಂತೆ. ಒಪ್ಪಿಕೊಂಡರು.

ಗೋದಾನದಲ್ಲಿ ತೆಗೆದುಕೊಳ್ಳುವವರು ಬಾಲ ಹಿಡಿಯಬೇಕು. ಮೋಟಾರಿಗೆ ಬಾಲ ಯಾವುದು ಎಂಬ ಜಿಜ್ಞಾಸೆ ಹುಟ್ಟಿತು. ಹಿಂದಿನ ಹೊಗೆಕೊಳವೆಯೇ ಬಾಲವೆಂದು ದೇಸಾಯರ ಪುರೋಹಿತರು ತೀರ್ಮಾನಿಸಿದರು. ನಡೆಯುತ್ತದೆಂದು ತೋರಿಸಲು ಆಗಷ್ಟೇ ಎಂಜಿನ್ ಓಡಿಸಿ ನಿಲ್ಲಿಸಿದ್ದರು. ಆಚಾರ್ಯರು ಮಂತ್ರ ಹೇಳುತ್ತಾ ಭಕ್ತಿಯಿಂದ ಹಿಡಿದರು, ಮಂತ್ರ ಅರ್ಧಕ್ಕೇ ನಿಂತಿತು. ಬಲಗೈಯ ಬೊಬ್ಬೆ ಹದಿನೈದು ದಿನ ಇಳಿಯಲಿಲ್ಲ.

ಮಾನ್ವಿಗೆ ಮೂವತ್ತು ಮೈಲಿ ದಾರಿ. ನಾನು ಚಕ್ರ ಹಿಡಿದೆ, ಆಚಾರ್ಯರು ಚರ್ಮದ ಸೀಟಿನ ಮೇಲೆ ದರ್ಭಾಸನ ಹಾಸಿ ಕೂತರು. ನಾಲ್ಕು ಮೈಲಿಗೊಮ್ಮೆ ನೀರು ಕುದಿಯಿತು. ಬಂಡಿಗಳು ತುಳಿದ ಜಾಡಿನ ನಡುವೆ ಏರಿರುತ್ತದಲ್ಲ ಮಣ್ಣಿನ ದಿಂಡು, ಅದು ಮೋಟಾರಿನ ಹೊಟ್ಟೆ ಉಜ್ಜಿ ಉಜ್ಜಿ ಎಣ್ಣೆಯ ತೊಟ್ಟಿಯನ್ನೇ ಒಡೆಯಿತು. ಸಿರವಾರದ ಹತ್ತಿರ ನನ್ನ ಕಡೆಯ ಬಾಗಿಲು ಕಳಚಿ ಬಿತ್ತು. ನೋಡಿದರೆ ತಗಡಿನ ಒಳಗೆ ಕಟ್ಟಿಗೆಯ ಚೌಕಟ್ಟು, ಚೌಕಟ್ಟಿನ ಒಳಗೆ ಗೆದ್ದಲು. ಕುಂಟನಿಗೆ ಎಂಟು ಚೇಷ್ಟೆ ಎನ್ನುತ್ತಾರೆ, ಇದಕ್ಕೆ ಹದಿನಾರು. ಮರುದಿನ ಮಧ್ಯಾಹ್ನ ಎರಡು ಜೊತೆ ಎತ್ತುಗಳ ಹಿಂದೆ ನಾವು ಊರು ಸೇರಿದೆವು.

ಅಹಲ್ಯಾಬಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದು ನೋಡಿದರು. "ಆಕಳು ತರತೀನಿ ಅಂದಿದ್ರಿ," ಎಂದರು.

"ಇದನ್ನ ಮಾರಿದ್ರ ಐದು ಆಕಳು ಬರತಾವ," ಎಂದರು ಆಚಾರ್ಯರು.

ಹಾಗೆ ಹೇಳಲು ಆಧಾರವೂ ಸಿಕ್ಕಿತು. ರಾಯಚೂರಿನ ಹತ್ತಿ ದಲಾಲನೊಬ್ಬ, ಮೋಟಾರು ತನ್ನ ಕಾಲ ಮೇಲೆ ತಾನು ನಡೆದು ಅಂಗಡಿಯ ಮುಂದೆ ಬಂದು ನಿಂತರೆ ನಾಲ್ಕುನೂರು ಕೊಡುವುದಾಗಿ ಹೇಳಿಕಳಿಸಿದ. ಅದನ್ನು ಎಳೆಸಿಕೊಂಡು ರಾಯಚೂರಿಗೆ ಒಯ್ದೆವು. ಅಲ್ಲಿ ಹತ್ತಿ ಜಿನ್ನಿನ ಎಂಜಿನ್ ನೋಡಿಕೊಳ್ಳುತ್ತಿದ್ದ ಫಿಟ್ಟರ್ ಸತ್ತಾರ್ ಸಾಬರು ಶುಕ್ರವಾರದ ರಜೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದರು.

ಸತ್ತಾರ್ ಸಾಬರು ಮುಚ್ಚಳ ಎತ್ತಿ ಒಳಗೆ ನೋಡಿದರು. ಮಾತಿಲ್ಲ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. ಮಾತಿಲ್ಲ. ಕೊನೆಗೆ ತಲೆ ಅಲ್ಲಾಡಿಸಿ, "ಬಹುತ್ ಖರಾಬ್ ಟೈಮ್ ನಡದದರೀ ಇದರದು," ಎಂದರು.

ನಾನು ಆಚಾರ್ಯರ ಮುಖ ನೋಡಿದೆ. ಜಾತಕ ಬಿಡಿಸಿದಾಗ ಅವರು ಎದುರಿನವರನ್ನು ಹೆದರಿಸುತ್ತಿದ್ದದ್ದು ಥೇಟ್ ಹೀಗೆಯೇ. ಮೊದಲು ಮೌನ, ಆಮೇಲೆ ಕಣ್ಣು ಮುಚ್ಚುವುದು, ಆಮೇಲೆ ತಲೆ ಅಲ್ಲಾಡಿಸುವುದು. ಐವತ್ತು ವರ್ಷ ಬಡಿಸಿದ ಕೈ ಮೊದಲ ಸಲ ಎಲೆಯ ಮುಂದೆ ಕೂತಿತ್ತು.

"ಏನಾರ ಉಪಾಯ ಅದನೋ ಇಲ್ಲೋ ಸಾಬ್ರ?" ಎಂದು ಆಚಾರ್ಯರು ಗಾಬರಿಯಿಂದ ಕೇಳಿದರು.

"ಅದ. ಖರ್ಚು ಆಗತದ."

ಎಣ್ಣೆ ತೊಟ್ಟಿಗೆ ತೇಪೆ, ಹದಿನೆಂಟು ರೂಪಾಯಿ. ನೀರಿನ ಡಬ್ಬಿಗೆ ಬೆಸುಗೆ, ಹನ್ನೆರಡು. ಬಡಿಗೇರನಿಂದ ಹೊಸ ಚೌಕಟ್ಟು, ಇಪ್ಪತ್ತೆಂಟು. ಇಷ್ಟಾದ ಮೇಲೆ ಕ್ಲಚ್ಚು ಜಾರುತ್ತದೆಂದು ಗೊತ್ತಾಯಿತು. ಅದು ಮುಂಬಯಿಯಿಂದ ರೈಲಿನಲ್ಲಿ ಬರಬೇಕು, ಬೆಲೆ ನಮ್ಮ ನಿಜಾಮರ ಹಾಲಿ ಸಿಕ್ಕಾದಲ್ಲಿ ಅಲ್ಲ, ಅದಕ್ಕಿಂತ ತುಟ್ಟಿಯಾದ ಇಂಗ್ಲಿಷರ ಕಲದಾರ ರೂಪಾಯಿಯಲ್ಲಿ ನಲವತ್ತು. ಕ್ಲಚ್ಚು ಹಾಕಿದ ಮೇಲೆ ಡೈನಮೋ ಸುಟ್ಟಿದೆಯೆಂದು ಗೊತ್ತಾಯಿತು. ಡೈನಮೋಗೆ ಹೊಸ ತಂತಿ ಸುತ್ತಿಸಿದ ಮೇಲೆ ಬಲಗಡೆಯ ಗಾಲಿಯ ಕಡ್ಡಿಗಳು ಒಂದೊಂದಾಗಿ ಹಾರತೊಡಗಿದವು. "ನೀವು ಕುಂಡಲಿ ನೋಡಿದಂಗ ನಾ ಎಂಜಿನ್ ನೋಡತೀನಿ ಆಚಾರ್ರ," ಎನ್ನುತ್ತಿದ್ದರು ಸತ್ತಾರ್ ಸಾಬರು. "ಬಿಚ್ಚಿದ್ರ ಏನಾರ ಒಂದು ದೋಷ ಇದ್ದ ಇರತದ." ಪಾಪ, ಆ ಮನುಷ್ಯ ಮೋಸಗಾರನಲ್ಲ. ದೋಷಗಳು ನಿಜವಾಗಿಯೂ ಇದ್ದವು. ಇಬ್ಬರ ವೃತ್ತಿಗಳ ನಡುವೆ ಇದ್ದ ವ್ಯತ್ಯಾಸ ಅದೊಂದೇ.

ಎಳೆದ ಎತ್ತುಗಳ ಬಾಡಿಗೆಯೂ ಸೇರಿ ಆಚಾರ್ಯರ ಅರವತ್ತೈದು ರೂಪಾಯಿ ಕ್ಲಚ್ಚಿಗೆ ಮೊದಲೇ ಮುಗಿದಿತ್ತು. ಹಾಗಾಗಿ ಆ ವರ್ಷ ಮಾನ್ವಿ, ರಾಯಚೂರು ತಾಲೂಕುಗಳಲ್ಲಿ ಗ್ರಹಗಳು ಬಹಳ ಕೆಟ್ಟವು. ಕ್ಲಚ್ಚು ಬಾಗಲವಾಡದ ಒಕ್ಕಲಿಗನೊಬ್ಬನ ಮಗಳ ಕುಜದೋಷದಿಂದ ಬಂತು. ಡೈನಮೋ ಗಿಲ್ಲೆಸುಗೂರಿನ ಸಾಹುಕಾರರ ಮನೆಯ ಸರ್ಪಶಾಂತಿ. ನಾನು ಲೆಕ್ಕದ ಮಾಸ್ತರ, ಸುಮ್ಮನಿರಲು ಆಗಲಿಲ್ಲ. "ಆಚಾರ್ಯರೇ, ಈಗಾಗಲೇ ಎರಡು ಆಕಳು ಇದರ ಹೊಟ್ಟೆಗೆ ಹೋಗಿವೆ. ಮುಂದೆ ಬರುವ ದಕ್ಷಿಣೆಯಲ್ಲಿ ಒಂದು ಆಕಳು ಕೊಂಡುಬಿಡಿ," ಎಂದೆ.

"ಇನ್ನೊಂದ ರಿಪೇರಿ ಮಾಸ್ತರ. ಅರ್ಧಕ್ಕ ಬಿಟ್ರ ಹಾಕಿದ್ದೆಲ್ಲಾ ಹೊಳಿಯಾಗ ಹುಣಸಿಹಣ್ಣು ಕಿವುಚಿದಂಗ ಆಗತದ," ಎಂದರು. ಅತ್ತ ಅಹಲ್ಯಾಬಾಯಿ ಯಮನಮ್ಮನ ಹಾಲಿನಲ್ಲೇ ದಿನ ದೂಡುತ್ತಿದ್ದರು. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಕೃಶವಾಗಿದ್ದರು. ನನಗೆ ಆಚಾರ್ಯರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಈ ನಡುವೆ ದೇವದುರ್ಗದಿಂದ ಸುದ್ದಿ ಬಂತು. ದೇಸಾಯರ ವ್ಯಾಜ್ಯ ರಾಜಿಯಾಯಿತು, ಕೆಮ್ಮು ನಿಂತಿತು, ಮಗ ಪಾಸಾದ. ಆಗದೆ ಏನು? ಮೇಲಿನ ಕರೀ ಅರಿವಿಯನ್ನು ಇಲಿ ತೂತು ಮಾಡಿದ್ದ ಮೋಟಾರಿನಲ್ಲಿ ಧೂಳು ನುಂಗುವುದು ತಪ್ಪಿತ್ತು, ರಿಪೇರಿಗೆ ಸುರಿಯುತ್ತಿದ್ದ ದುಡ್ಡು ಒಳ್ಳೆಯ ವಕೀಲರಿಗೆ ಹೋಗಿತ್ತು, ಹುಡುಗನಿಗೆ ಸುತ್ತಲು ಗಾಡಿ ಇಲ್ಲದೆ ಪುಸ್ತಕ ಕಂಡಿತ್ತು. ಆದರೆ ಜನ ಹೇಳಿದ್ದು ಒಂದೇ: ಶನಿ ಮೋಟಾರು ಹತ್ತಿ ಹೋಯಿತು.

ಕೊನೆಗೆ ಮಾಘ ಮಾಸದಲ್ಲಿ ಒಂದು ಶುಕ್ರವಾರ ಮೋಟಾರು ನಿಜಕ್ಕೂ ನಡೆಯಿತು. ಯಾರೂ ತಳ್ಳದೆ, ಯಾರೂ ಎಳೆಯದೆ, ಕಲ್ಮಲದವರೆಗೆ ಹೋಗಿ ತಿರುಗಿ ದಲಾಲನ ಅಂಗಡಿಯ ಮುಂದೆ ಗುರುಗುಡುತ್ತಾ ನಿಂತಿತು. ದಲಾಲ ಸುತ್ತ ತಿರುಗಿ ನೋಡಿದ, ಮುಟ್ಟಲಿಲ್ಲ.

"ಗಾಡಿ ಚಂದ ಅದರೀ," ಎಂದ. "ಆದ್ರ ಇದು ಶನಿದಾನದ್ದಂತಲ್ರಿ. ನಂಗ ಪುಕ್ಕಟ ಕೊಟ್ರೂ ಬ್ಯಾಡ."

ನಾಲ್ಕುನೂರನ್ನು ಕೊಂದದ್ದು ಕ್ಲಚ್ಚಲ್ಲ, ಗೆದ್ದಲಲ್ಲ. ಆಚಾರ್ಯರ ಸ್ವಂತ ನಾಲಿಗೆ. ಮಾಡಿದ್ದುಣ್ಣೋ ಮಹರಾಯ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಮನೆಗೆ ಬಂದು ಅವರು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟರು. ದೇಸಾಯರ ಕುಂಡಲಿಯಲ್ಲಿ ಸಾಡೇಸಾತಿ ಇರಲೇ ಇಲ್ಲ, ಆಕಳು ನೋಡಿ ಹುಟ್ಟಿಸಿದ್ದೆಂದು.

"ನನ್ನ ಹೊಟ್ಟಿ ಸಲುವಾಗಿ ಸುಳ್ಳು ಹೇಳೀರಿ," ಎಂದರು ಅಹಲ್ಯಾಬಾಯಿ. "ಹೋಗಿ ಖರೇ ಹೇಳ್ರಿ. ಅವರ ಗಾಡಿ ಅವರಿಗೆ ಕೊಟ್ಟು, ಆಕಳು ಬೇಕು ಅಂತ ಬಾಯಿಬಿಟ್ಟು ಕೇಳ್ರಿ. ಕೇಳಿದ್ರ ನಿಮ್ಮದೇನು ಕಿರೀಟ ಬೀಳಂಗಿಲ್ಲ."

ಮರುದಿನವೇ ಹೊರಟೆವು. ಆ ದರಿದ್ರ ಮೋಟಾರು ಅವತ್ತು ಒಮ್ಮೆಯೂ ನಿಲ್ಲಲಿಲ್ಲ. ದೇಸಾಯರು ಕಟ್ಟೆಯ ಮೇಲೆ ಕೂತಿದ್ದರು, ಮೈ ತುಂಬಿಕೊಂಡಿದ್ದರು. ಮೋಟಾರು ಅಂಗಳಕ್ಕೆ ಬಂದದ್ದನ್ನು ಕಂಡು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಕೊಟ್ಟಿಗೆಯಲ್ಲಿ ಕರೀ ಆಕಳು ಮೆಲುಕು ಹಾಕುತ್ತಿತ್ತು.

ಆಚಾರ್ಯರು ಕೈಮುಗಿದರು. ಅವರು ಕೈಮುಗಿದದ್ದನ್ನು ನಾನು ದೇವರ ಮುಂದೆ ಬಿಟ್ಟರೆ ಅದೇ ಮೊದಲು ನೋಡಿದ್ದು. "ದೇಸಾಯರ, ನಿಮಗ ಶನಿ ಇದ್ದಿಲ್ಲ. ನಾ ಸುಳ್ಳು ಹೇಳಿದೆ. ಮನ್ಯಾಗ ಹೆಂಡತಿಗೆ ಜಡ್ಡು, ಹಾಲು ಬೇಕಾಗಿತ್ತು. ನಿಮ್ಮ ಗಾಡಿ ರಿಪೇರಿ ಮಾಡಿಸಿ ತಂದೀನಿ. ಇದನ್ನ ತಗೊಂಡು ಆ ಆಕಳು ಕೊಡ್ರಿ."

ದೇಸಾಯರು ನಂಬಲಿಲ್ಲ. "ಸುಳ್ಳು ಹೆಂಗ ಆಗತದ್ರೀ? ಅದು ಹೋದ ಮ್ಯಾಲ ನನ್ನ ಮನಿ ನೆಟ್ಟಗಾತು. ಎಲ್ಲಾ ನೀವು ಹೇಳಿದಂಗ ಆಗೇದ. ಕೊಟ್ಟ ದಾನ ತಿರುಗಿ ತಗೊಂಡು ಶನಿ ಒಳಗ ಕರಕೊಳ್ಳೇನು?"

"ಹಂಗಾರ ಗಾಡಿ ಇರಲಿ. ಆಕಳಾರ ಕೊಡ್ರಿ. ರೊಕ್ಕ ದುಡದು ಕೊಡತೀನಿ."

ದೇಸಾಯರ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. "ಯಪ್ಪಾ ಆಚಾರ್ರ, ಅವತ್ತ ಈ ಮಾತು ಹೇಳಿದ್ರ ಹಗ್ಗ ಸಮೇತ ಬಿಚ್ಚಿ ಕೊಡತಿದ್ದೆ. ಒಂದು ಪೈಸಾ ಕೇಳತಿದ್ದಿಲ್ಲ. ಈಗ ನೀವು ಶನಿ ಹಿಡದವರು. ನಿಮ್ಮ ಕೂಡ ಕೊಟ್ಟು ತಗೊಂಡ್ರ ಅದು ಹೊಳ್ಳಿ ಬರತದ ಅಂತ ನೀವ ಹೇಳೀರಿ. ಇಲ್ಲಿ ಭಾಳ ಹೊತ್ತು ನಿಂದ್ರಬ್ಯಾಡ್ರಿ."

ಮೋಟಾರು ಬಿಸಿಯಾಗಿತ್ತು, ಎಂಜಿನ್ ಶುರುವಾಗಲಿಲ್ಲ. ದೇಸಾಯರು ಕೂಗಿದ ಕೂಡಲೇ ಹನ್ನೆರಡು ಆಳುಗಳು ಓಡಿಬಂದರು. ಇಷ್ಟು ದಿನದಲ್ಲಿ ಅದನ್ನು ಅಷ್ಟು ಉತ್ಸಾಹದಿಂದ ಯಾರೂ ತಳ್ಳಿರಲಿಲ್ಲ. ಊರ ಸೀಮೆ ದಾಟಿಸಿ, ಕೈಕಾಲು ತೊಳೆಯಲು ಹಳ್ಳಕ್ಕಿಳಿದರು.

ಆಚಾರ್ಯರು ಬದುವಿನ ಮೇಲೆ ಕೂತರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಎಂಜಿನ್ ಆರುವವರೆಗೆ ನಾನೂ ಪಕ್ಕದಲ್ಲಿ ಕೂತೆ.

"ಮಾಸ್ತರ, ನಮ್ಮಾಕಿಗೆ ಏನ ಹೇಳಲಿ?" ಎಂದರು.

"ಕೇಳಿದೆ, ಕೊಡಲಿಲ್ಲ ಅಂತ ಹೇಳಿ."

"ಅದನ್ನ ಹೇಳಬಹುದು. ಮೊದಲ ಕೇಳಿದ್ರ ಕೊಡತಿದ್ರು ಅನ್ನೋದನ್ನ ಹೆಂಗ ಹೇಳಲಿ?"